ಅಲೆಹಲಗೆಯ ಪೂರ್ವಕಥೆ

ದೋಣಿಯ ಹಿಂದೆ ಏಳುವ ಅಲೆಯ ಮೇಲೆ ನಿಂತು ಜಾರುತ್ತ, ತನ್ನ ಮೈಯಳತೆಗೆಂದೇ ಮಾಡಿಸಿಕೊಂಡ ಹೊಸ ಹಲಗೆಯನ್ನು ಇಂದು ಪರೀಕ್ಷಿಸುವವನಿಗಿಂತ ಬಹುಪೂರ್ವದಲ್ಲಿಯೇ ಹವಾಯಿ ದ್ವೀಪಗಳ ಕುಶಲಕರ್ಮಿಗಳು ಆಳಿಗೆ ತಕ್ಕ ಹಲಗೆಯನ್ನು ಕೆತ್ತಿಕೊಡುತ್ತಿದ್ದರು. ಮರವನ್ನು ಆರಿಸಿದೊಡನೆ ಕೊಡಲಿಯೆತ್ತುವಂತಿರಲಿಲ್ಲ. ಬುಡದಲ್ಲಿ ಕುಮು ಎಂಬ ಕೆಂಪು ಮೀನನ್ನಿರಿಸಿ, ಮರವುರುಳಿದ ಮೇಲೆ ಬೇರಿನೆಡೆಯ ಕುಳಿಯಲ್ಲಿ ಅದನ್ನು ಹೂಳಿ ಪ್ರಾರ್ಥಿಸಿ, ಬಳಿಕ ಕಲ್ಲಿನ ಬಾಚಿಯಿಂದ ಕೆತ್ತಿ, ಹವಳದ ಒರಟು ತುಂಡಿನಿಂದುಜ್ಜಿ, ಕುಕುಯಿ ಬೀಜದ ಎಣ್ಣೆಯಿಂದ ಹೊಳಪು ಕೊಡುತ್ತಿದ್ದರು. ಹಗುರವಾದ ವಿಲಿವಿಲಿ ಮರದ ಓಲೊ ಎಂಬ ನೀಳವಾದ ಹಲಗೆ ಅರಸುಮನೆತನಕ್ಕೆ ಮೀಸಲು. ಉಳಿದವರದು ಅಲಾಯ ಎಂಬ ತೆಳುವಾದ ಹಲಗೆ. ಹಲಗೆಯಲ್ಲಿಯೂ ಮೇಲುಕೀಳೆಂದು ನಾವು ಅಚ್ಚರಿಪಡಬೇಕಾಗಿಲ್ಲ! ಆದರೆ ಇವೆಲ್ಲದರ ತಳವೂ ಬೋಳಾದುದರಿಂದ ತಿರುವಿನಲ್ಲಿ ಓರೆಯಾಗಿ ಜಾರುತ್ತಿದ್ದವು. ಆ ದೋಷವನ್ನು ನೀಗಲು ಅಲೆಸವಾರ ಟಾಮ್ ಬ್ಲೇಕನು 1935ರಲ್ಲಿ, ಯಾರೋ ಬಿಟ್ಟುಹೋದ ಮೋಟಾರು ದೋಣಿಯ ಅಡಿಪಟ್ಟಿಯನ್ನು ಕಿತ್ತು ತನ್ನ ಹಲಗೆಯ ಹಿಂಬದಿಗೆ ಜಡಿದು, ಹವಾಯಿಯ ವೈಕೀಕಿಯಲ್ಲಿ ಕಡಲಿಗಿಳಿದನು. ಇಂದಿನ ಹಲಗೆಯಡಿಯ ರೆಕ್ಕೆ ಹಾಗೆ ದೋಣಿಯಿಂದ ಬಂದುದು.