ಮಲಪ್ರಭೆಯ ಮೊದಲಿಗರು: ಒಂದೂವರೆ ಶತಮಾನದ ಶೋಧ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಇತಿಹಾಸವನ್ನು ಬರೆಯುವವರು 1824ರ ಕಿತ್ತೂರಿನ ಹೋರಾಟದಿಂದ ಹಿಂದಕ್ಕೆ ಸರಿದು ಸವದತ್ತಿಯ ರಟ್ಟರನ್ನು ಮುಟ್ಟಿ, ಹೆಚ್ಚೆಂದರೆ ಬಾದಾಮಿ ಚಾಲುಕ್ಯರವರೆಗೆ ಹೋಗಿ ನಿಲ್ಲುವುದು ರೂಢಿಯಾಗಿದ್ದು, ಅದರಾಚೆಗಿನ ಲಕ್ಷಾಂತರ ವರ್ಷಗಳ ಮನುಷ್ಯವಾಸಕ್ಕೆ ಅವರ ಗ್ರಂಥಗಳಲ್ಲಿ ಒಂದೆರಡು ಸಾಲುಗಳಿಗಿಂತ ಹೆಚ್ಚಿನ ಜಾಗ ಸಿಗುವುದಿಲ್ಲ. ಇದರ ಜೊತೆಗೆ ಬೇರೊಂದು ಹವ್ಯಾಸವೂ ಬೆಳೆದಿದೆ. ಸೋಮನಾಥಪುರದ ಹೊಯ್ಸಳ ಮೂರ್ತಿಗಳ ಕೈಯಲ್ಲಿರುವುದು ಗೋವಿನಜೋಳದ ತೆನೆಯೆಂದು 1989ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ಮಂಡಿಸಿದ ವಾದವನ್ನು ಭಾರತದ ಸಸ್ಯವಿಜ್ಞಾನಿಗಳು ನಾಲ್ಕೇ ವರ್ಷಗಳಲ್ಲಿ ತಳ್ಳಿಹಾಕಿದ್ದರೂ, ಅದನ್ನೇ ಆಧಾರವಾಗಿಟ್ಟುಕೊಂಡು ಮೆಕ್ಸಿಕೋದ ಮಾಯಾ ನಾಗರಿಕತೆಗೂ ಕನ್ನಡ ನಾಡಿಗೂ ನಂಟು ಹೊಸೆಯುವ ಉತ್ಸಾಹ ಇನ್ನೂ ತಗ್ಗಿಲ್ಲ. ಸಾವಿರಾರು ಮೈಲಿ ದೂರದ ಆದಿಜನರ ಬಗೆಗೆ ಇರುವ ಈ ಕುತೂಹಲದ ನಾಲ್ಕರಲ್ಲಿ ಒಂದು ಪಾಲು ಮಲಪ್ರಭೆಯ ದಂಡೆಗೆ ಸಂದಿದ್ದರೆ ಈ ಸಮೀಕ್ಷೆಯ ಅಗತ್ಯ ಬೀಳುತ್ತಿರಲಿಲ್ಲ.

ಶೋಧದ ಮೊದಲ ಹೆಜ್ಜೆ ಭೂವಿಜ್ಞಾನಿಗಳದು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಭಾರತದಲ್ಲಿ ಮೊದಲ ಬಾರಿಗೆ ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಮುಂದೆ ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯಲಾಗುತ್ತಿದ್ದ ಈ ಪ್ರದೇಶದ ಶಿಲಾರಚನೆಯನ್ನು ಅಭ್ಯಸಿಸಿ 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಲಪ್ರಭೆ ಮತ್ತು ಬೆಣ್ಣಿಹಳ್ಳದ ಕಣಿವೆಗಳ ಶಿಲಾಯುಧಗಳನ್ನು ದಾಖಲಿಸಿದರು. ಗೋಕಾಕದ ಸಮೀಪ ಅವರಿಗೆ ದೊರೆತ ಘೇಂಡಾಮೃಗದ ಪಳೆಯುಳಿಕೆಯಂತೂ, ಇಂದು ಹತ್ತಿ, ಜೋಳ ಬೆಳೆಯುವ ಈ ಬಯಲು ಒಮ್ಮೆ ಎಂಥ ಪ್ರಾಣಿಗಳ ಬೀಡಾಗಿತ್ತೆಂಬುದಕ್ಕೆ ಸಾಕ್ಷಿಯಾಯಿತು. ಅವರ ನಂತರದ ಮುಕ್ಕಾಲು ಶತಮಾನದಲ್ಲಿ ಇಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚು ನಡೆಯಲಿಲ್ಲ.

ಪುಣೆಯ ಡೆಕ್ಕನ್ ಕಾಲೇಜಿನ ಆರ್. ವಿ. ಜೋಶಿ ನದಿಯ ದಂಡೆಗುಂಟ ನಡೆಸಿದ ಅಧ್ಯಯನ 1955ರಲ್ಲಿ ಗ್ರಂಥವಾಗಿ ಹೊರಬಂದಾಗ ಮಲಪ್ರಭಾ ಕೊಳ್ಳಕ್ಕೆ ಭಾರತದ ಪ್ರಾಗಿತಿಹಾಸದಲ್ಲಿ, ಅಂದರೆ ಬರವಣಿಗೆಗೆ ಹಿಂದಿನ ಕಾಲದ ಇತಿಹಾಸದಲ್ಲಿ, ಶಾಶ್ವತ ಸ್ಥಾನ ದೊರೆಯಿತು. ಹೊಳೆ ತಂದು ಹಾಕಿದ ಉರುಟುಕಲ್ಲುಗಳ ಪದರ, ಅದರ ಮೇಲಿನ ಮೆಕ್ಕಲು ಮಣ್ಣು, ಮತ್ತೆ ಕಲ್ಲಿನ ಪದರ ಎಂಬ ಅನುಕ್ರಮವನ್ನು ಓದಿ, ಯಾವ ಪದರದಲ್ಲಿ ಯಾವ ಬಗೆಯ ಆಯುಧ ಸಿಗುತ್ತದೆಂಬುದನ್ನು ಅವರು ನಿಷ್ಠೆಯಿಂದ ಗುರುತಿಸಿದರು. ಬಾದಾಮಿ ತಾಲೂಕಿನ ಖ್ಯಾಡ ಇದರಿಂದ ಹೆಸರಾಯಿತು. ಆರ್. ಎಸ್. ಪಪ್ಪು ಘಟಪ್ರಭೆಯ ಅನಗವಾಡಿಯನ್ನೂ ಒಳಗೊಂಡು ಇದೇ ಕೆಲಸವನ್ನು ವಿಸ್ತರಿಸಿ, 1994ರಲ್ಲಿ ಸುಷಮಾ ದೇವ್ ಅವರೊಡನೆ ಇಡೀ ಕಲಾದಗಿ ಶಿಲಾಪ್ರದೇಶದ ಹಳೆಯ ಶಿಲಾಯುಗದ ನೆಲೆಗಳನ್ನು ನೆಲದ ಸ್ವರೂಪದೊಂದಿಗೆ ಜೋಡಿಸಿ ನೋಡಿದರು.

ಈ ನೆಲೆಗಳ ಮುಖ್ಯ ಆಯುಧವಾದ ಕೈಗೊಡಲಿಗೆ ಕಾವು ಇರುವುದಿಲ್ಲ. ಅಂಗೈಗೆ ಕೂಡುವಷ್ಟು ದೊಡ್ಡದಾದ ಬೆಣಚುಕಲ್ಲಿನ ಉಂಡೆಯನ್ನೋ ಅದರಿಂದ ಒಡೆದ ದಪ್ಪ ಚಕ್ಕೆಯನ್ನೋ ತೆಗೆದುಕೊಂಡು, ಒಂದು ಮಗ್ಗುಲಲ್ಲಿ ಏಟು ಕೊಟ್ಟು ಚಕ್ಕೆ ಎಬ್ಬಿಸಿ, ಕಲ್ಲನ್ನು ಹೊರಳಿಸಿ ಇನ್ನೊಂದು ಮಗ್ಗುಲಲ್ಲಿಯೂ ಹಾಗೆಯೇ ಮಾಡುತ್ತ ಹೋದಾಗ ಎರಡೂ ಮುಖಗಳು ಕೂಡುವ ಕಡೆ ಅಂಕುಡೊಂಕಾದ ಅಲಗು ಮೂಡುತ್ತದೆ. ಒಂದು ತುದಿ ಚೂಪಾಗಿ, ಇನ್ನೊಂದು ಹಿಡಿತಕ್ಕೆ ಗುಂಡಾಗಿ ಉಳಿಯುತ್ತದೆ. ಮುಂದಿನ ಏಟು ಎಲ್ಲಿ ಬೀಳಬೇಕೆಂಬುದನ್ನು ಮೊದಲೇ ಮನಸ್ಸಿನಲ್ಲಿ ಕಂಡವನಿಗೆ ಮಾತ್ರ ಸಾಧ್ಯವಾಗುವ ಈ ಕೆಲಸದ ಫಲವನ್ನು ಒರಟು ಕಲ್ಲು ಎಂದು ಕರೆಯುವುದು ಅನ್ಯಾಯ. ಸುರಪುರ ಸೀಮೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರು ಅಗೆದು ತೋರಿಸಿದ ಇಂಥದ್ದೇ ಆಯುಧಗಳ ಕಮ್ಮಟದ ಕಾಲವನ್ನು ಸುಮಾರು 12 ಲಕ್ಷ ವರ್ಷಗಳ ಹಿಂದಕ್ಕೆ ಒಯ್ಯಲಾಗಿದೆ.

ಅಧ್ಯಯನದ ದಿಕ್ಕು ನಿಜವಾಗಿ ತಿರುಗಿದ್ದು ಧಾರವಾಡದಿಂದ. ಹೊಳೆಯ ಕಲ್ಲುಪದರದಲ್ಲಿ ಸಿಗುವ ಆಯುಧ ನೀರಿನ ಸೆಳೆತಕ್ಕೆ ಸಿಕ್ಕು ಬೇರೆಲ್ಲಿಂದಲೋ ಬಂದಿರಬಹುದಾದ್ದರಿಂದ, ಜನ ಬದುಕಿದ ಜಾಗವನ್ನು ಹೊಳೆಯಲ್ಲಿ ಹುಡುಕದೆ ಗುಡ್ಡದ ಬುಡದಲ್ಲಿ ಹುಡುಕಬೇಕೆಂಬ ತಿಳಿವು ಬಲಗೊಂಡಂತೆ, ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರು ಮೈಕೆಲ್ ಪೆಟ್ರಾಲಿಯಾ ಅವರ ಜೊತೆಗೂಡಿ ಮಲಪ್ರಭಾ ಕೊಳ್ಳದ ಲಖ್ಮಾಪುರದಲ್ಲಿ ನಡೆಸಿದ ಅಭ್ಯಾಸ ಹೊಸ ದಾರಿ ತೆರೆಯಿತು. ಕೈಗೊಡಲಿಯ ಕಾಲದಿಂದ, ಸಿದ್ಧಪಡಿಸಿದ ಕಲ್ಲಿನಿಂದ ಬೇಕಾದ ಆಕಾರದ ಚಕ್ಕೆಗಳನ್ನೇ ಎಬ್ಬಿಸುವ ಮಧ್ಯ ಹಳೆಯ ಶಿಲಾಯುಗಕ್ಕೆ ಜನ ಹೇಗೆ ದಾಟಿದರೆಂಬುದನ್ನು ಬೆಟ್ಟದ ಅಡಿಯ ಒಂದೇ ಪರಿಸರದಲ್ಲಿ ಇಟ್ಟು ನೋಡಲು ಅಲ್ಲಿ ಸಾಧ್ಯವಾಯಿತು. ಇದೇ ಇಬ್ಬರು ತಮ್ಮ ಸಂಗಡಿಗರೊಡನೆ ಆಂಧ್ರದ ಜ್ವಾಲಾಪುರದಲ್ಲಿ, ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಕಾರಿದ ಬೂದಿಯ ಕೆಳಗೂ ಮೇಲೂ ಶಿಲಾಯುಧಗಳಿವೆಯೆಂದು 2007ರಲ್ಲಿ ಪ್ರಕಟಿಸಿದಾಗ, ಧಾರವಾಡದ ಪದ್ಧತಿಗೆ ಜಗತ್ತಿನ ಮನ್ನಣೆ ಬಂದಿತು.

ಅದಕ್ಕೂ ಮೊದಲೇ ಅದೇ ವಿಶ್ವವಿದ್ಯಾಲಯದ ಅ. ಸುಂದರ ಅವರು ಲೋಹಯುಗದ ಕಡೆಯಿಂದ ಇನ್ನೊಂದು ಬಾಗಿಲು ತೆರೆದಿದ್ದರು. ಊರ ಹೊರಗೆ ದೊಡ್ಡ ಹಾಸುಗಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಕಲ್ಲು ಮುಚ್ಚಿ, ಒಂದು ಬದಿಗೆ ಗುಂಡಗಿನ ಕಿಂಡಿ ಕೊರೆದ ಕೋಣೆಗಳನ್ನು ಜನ ಮೋರ್ಯರ ಮನೆಗಳೆಂದು ಕರೆದು, ಅವು ಕುಳ್ಳರ ವಸತಿಗಳೆಂದು ನಂಬುತ್ತ ಬಂದಿದ್ದಾರೆ. ಅವು ಮನೆಗಳಲ್ಲ, ಸತ್ತವರಿಗಾಗಿ ಕಟ್ಟಿದ ಬೃಹತ್ ಶಿಲಾಸಮಾಧಿಗಳು. ಗೋಕಾಕದ ಕೊಣ್ಣೂರು, ಐಹೊಳೆ ಮೊದಲಾದ ಕಡೆಯ ಈ ಕೋಣೆಗಳನ್ನು ಅಳೆದು, ಬಗೆಬಗೆಯಾಗಿ ವಿಂಗಡಿಸಿ ಅವರು 1975ರಲ್ಲಿ ಹೊರತಂದ ಗ್ರಂಥ ಇಂದಿಗೂ ದಕ್ಷಿಣ ಭಾರತದ ಸಮಾಧಿಗಳ ಅಧ್ಯಯನಕ್ಕೆ ಮೊದಲ ಮೆಟ್ಟಿಲು. ಬೆಳಗಾವಿಯ ವಡಗಾಂವ-ಮಾಧವಪುರದಲ್ಲಿ ಅವರು ನಡೆಸಿದ ಉತ್ಖನನ ಶಾತವಾಹನರ ಕಾಲದ ಪಟ್ಟಣವೊಂದನ್ನು ಬೆಳಕಿಗೆ ತಂದು, ಶಿಲಾಯುಗದಿಂದ ನಗರದವರೆಗಿನ ಸರಪಳಿಯ ಈ ತುದಿಯನ್ನು ಜಿಲ್ಲೆಯೊಳಗೇ ತೋರಿಸಿತು.

ಸರಪಳಿಯ ನಡುವಿನ ಕೊಂಡಿಗಳು ಕಾಣೆಯಾಗಿರುವುದು ಬೈಲಹೊಂಗಲದಿಂದ ರಾಮದುರ್ಗದವರೆಗಿನ ಪಟ್ಟಿಯಲ್ಲಿ. ಖ್ಯಾಡ, ಲಖ್ಮಾಪುರಗಳ ಬೆಣಚುಕಲ್ಲಿನ ಬೆಟ್ಟಸಾಲೇ ಪಶ್ಚಿಮಕ್ಕೆ ಮುಂದುವರಿದು ರಾಮದುರ್ಗದ ಶಬರಿಕೊಳ್ಳವನ್ನೂ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನೂ ಒಳಗೊಳ್ಳುತ್ತದೆ. ಕಲ್ಲು ಅದೇ, ಹೊಳೆ ಅದೇ, ಬದಲಾಗುವುದು ಜಿಲ್ಲೆಯ ಹೆಸರು ಮಾತ್ರ. ಆದರೂ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ನೆಲೆಗಳು ಜಿಲ್ಲೆಯ ಗಡಿಯ ಆಚೆಗಿನವು. ಬೈಲಹೊಂಗಲದ ಎರೆಭೂಮಿಯಲ್ಲಿ ಏನೂ ಸಿಗದೆಂಬ ಮಾತಿಗೂ ಪರೀಕ್ಷೆಯ ಬಲವಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬಿ ಮೇಲಿನದನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಹೊರಳಿಸುತ್ತದೆ ಎಂಬುದು ನಿಜ. ಅದರ ಅಡಿಯ ಗರಸಿನ ಪದರ ಮಾತ್ರ ಹಾಗೆ ಹೊರಳುವುದಿಲ್ಲ.

ಹುಡುಕದಿರುವುದನ್ನು ಇಲ್ಲವೆಂದು ತೀರ್ಮಾನಿಸಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕಾ ಖಂಡವೇ ಪಾಠ. ಸುಮಾರು 13,000 ವರ್ಷ ಹಳೆಯ ಕ್ಲೋವಿಸ್ ಈಟಿಮೊನೆಗಳನ್ನು ಮಾಡಿದವರೇ ಅಲ್ಲಿನ ಮೊದಲಿಗರೆಂಬ ನಂಬಿಕೆ ದಶಕಗಳ ಕಾಲ ಎಷ್ಟು ಗಟ್ಟಿಯಾಗಿತ್ತೆಂದರೆ, ಚಿಲಿಯ ಮಾಂಟೆ ವರ್ಡೆಯಲ್ಲಿ ಟಾಮ್ ಡಿಲ್ಲಹೇ 1977ರಿಂದ ಅಗೆದು ತೆಗೆದ ಇನ್ನೂ ಹಳೆಯ ಸಾಕ್ಷ್ಯಗಳನ್ನು ವಿದ್ವಾಂಸರ ತಂಡವೊಂದು ಸ್ಥಳಕ್ಕೆ ಹೋಗಿ ಒಪ್ಪಿಕೊಳ್ಳುವಾಗ 1997 ಬಂದಿತ್ತು. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಸಿಕ್ಕ ಮನುಷ್ಯರ ಹೆಜ್ಜೆಗುರುತುಗಳಿಗೆ 21,000ದಿಂದ 23,000 ವರ್ಷಗಳ ಪ್ರಾಯವನ್ನು 2021ರಲ್ಲಿ ಕೊಡಲಾಯಿತು. ಪೆರುವಿನ ಕರಾಲ್ ನಗರವನ್ನೂ ಬಹುಕಾಲ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ರೂತ್ ಶೇಡಿ ಅದನ್ನು ಅಗೆದ ಮೇಲೆ ಅದು ಸುಮಾರು ಐದು ಸಾವಿರ ವರ್ಷಗಳ ಹಿಂದೆ, ಮಡಕೆಯನ್ನೇ ಅರಿಯದ ಜನ ಕಟ್ಟಿದ ನಾಗರಿಕತೆಯೆಂದು ತಿಳಿಯಿತು.

ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರು ಪ್ರತಿ ಬೇಸಿಗೆಯಲ್ಲಿ ಹಿಂದೆ ಸರಿದಾಗ ಮಲಪ್ರಭೆಯ ಹಳೆಯ ದಂಡೆಗಳು ಕೆಲವು ವಾರ ತೆರೆದುಕೊಳ್ಳುತ್ತವೆ. ಈ ನಾಲ್ಕು ತಾಲೂಕುಗಳ ಕಾಲೇಜುಗಳ ಇತಿಹಾಸ ವಿಭಾಗಗಳು ಆ ವಾರಗಳನ್ನು ದಂಡೆಯ ಸಮೀಕ್ಷೆಗೆ ಮೀಸಲಿಡಬೇಕು. ಬಾವಿ, ಕೃಷಿಹೊಂಡಗಳನ್ನು ತೋಡುವ ರೈತರು ಎರೆಮಣ್ಣಿನ ಕೆಳಗೆ ಗರಸು ಹತ್ತಿದ ಕೂಡಲೇ ಒಂದು ಗಳಿಗೆ ನಿಂತು ನೋಡಬೇಕು. ಎರಡೂ ಮುಖದಲ್ಲಿ ಚಕ್ಕೆ ಎದ್ದ ಕಲ್ಲು ಕಂಡರೆ ಅದನ್ನು ಎತ್ತುವ ಮೊದಲು ನೆಲದಿಂದ ಎಷ್ಟು ಮೊಳ ಆಳದಲ್ಲಿತ್ತೆಂಬುದನ್ನು ಅಳೆದು ಬರೆದಿಡಬೇಕು.