ಯವನಪುರಕ್ಕೆ ಎಷ್ಟು ಗಳಿಗೆ? ವರಾಹಮಿಹಿರನ ದೇಶಾಂತರ ಗಣನೆಯ ಮರುಪರಿಶೀಲನೆ

ವರಾಹಮಿಹಿರನ ‘ಪಂಚಸಿದ್ಧಾಂತಿಕಾ’ದ ಮೂರನೆಯ ಅಧ್ಯಾಯದಲ್ಲಿ ಜೋಡಿಯಾಗಿ ಬರುವ ಎರಡು ಸಂಖ್ಯೆಗಳಿವೆ: ಯವನಪುರದಿಂದ ಅವಂತಿಗೆ, ಅಂದರೆ ಉಜ್ಜಯಿನಿಗೆ, 7 ಗಳಿಗೆ 20 ವಿಗಳಿಗೆ, ವಾರಾಣಸಿಗೆ 9 ಗಳಿಗೆ. ಪ್ರಾಚೀನರ ನಿಖರತೆಯನ್ನು ಕೊಂಡಾಡುವವರು ಮೊದಲನೆಯದನ್ನು ಎತ್ತಿಕೊಂಡು ಎರಡನೆಯದನ್ನು ಬಿಟ್ಟುಬಿಡುವುದು ವಾಡಿಕೆ. ಬಿಟ್ಟ ಸಂಖ್ಯೆಯೇ ಇಲ್ಲಿ ಮುಖ್ಯ ಸಾಕ್ಷಿ ಎಂಬುದು ನನ್ನ ವಾದ.

ಅವರ ಲೆಕ್ಕ ಹೀಗಿದೆ. ದಿನಕ್ಕೆ 60 ಗಳಿಗೆ, ಭೂಮಿಯ ಸುತ್ತು 360 ಅಂಶ. ಗಳಿಗೆಗೆ 6 ಅಂಶದಂತೆ ಅವಂತಿಯ ದೇಶಾಂತರ 44 ಅಂಶ. ಯವನಪುರವೆಂದರೆ ಅಲೆಕ್ಸಾಂಡ್ರಿಯ ಎಂದುಕೊಂಡರೆ ಇಂದಿನ ಅಳತೆಯಲ್ಲಿ ಉಜ್ಜಯಿನಿಗೆ ಇರುವ ಅಂತರ ಸುಮಾರು 45 ಅಂಶ 50 ಕಲೆ. ವ್ಯತ್ಯಾಸ ಎರಡು ಅಂಶವೂ ಇಲ್ಲ! (ಈ ಉದ್ಗಾರ ಅವರದು, ನನ್ನದಲ್ಲ.)

ಈಗ ಎರಡನೆಯ ಸಂಖ್ಯೆಯನ್ನು ನೋಡೋಣ. ಒಂಬತ್ತರಲ್ಲಿ ಏಳೂ ಮೂರನೇ ಒಂದನ್ನು ಕಳೆದರೆ ಉಜ್ಜಯಿನಿಗೂ ವಾರಾಣಸಿಗೂ ನಡುವೆ 10 ಅಂಶ ಉಳಿಯುತ್ತದೆ. ನಿಜವಾದ ಅಂತರ 7 ಅಂಶ 14 ಕಲೆ. ಅಂದರೆ ಕಾಲದಲ್ಲಿ 11 ನಿಮಿಷ, ನೆಲದ ಮೇಲೆ ಸುಮಾರು 280 ಕಿಲೋಮೀಟರ್ ತಪ್ಪು. ಕಡಲಾಚೆಯ ಊರಿನ ದೂರ ಸರಿಯಾಗಿ ಗೊತ್ತಿದ್ದವನಿಗೆ ವಾರಾಣಸಿಯ ದೂರ ಗೊತ್ತಿರಲಿಲ್ಲವೆ?

ಹಸ್ತಪ್ರತಿಗಳ ಮೇಲೆ ತಪ್ಪು ಹೊರಿಸುವುದು ಸುಲಭ. ತೀಬೋ ಮತ್ತು ಸುಧಾಕರ ದ್ವಿವೇದಿ 1889ರಲ್ಲಿ ಈ ಗ್ರಂಥವನ್ನು ಮೊದಲು ಅಚ್ಚು ಮಾಡಿಸಿದಾಗ ಅವರಿಗೆ ಸಿಕ್ಕ ಪ್ರತಿಗಳು ಬಹಳ ಕೆಟ್ಟಿದ್ದವು, ನಿಜ. ಆದರೆ ನಮಗೆ ಬೇಡದ ಸಂಖ್ಯೆಯ ಪಾಠವನ್ನು ಮಾತ್ರ ಶಂಕಿಸುವುದು ಪಾಠಶೋಧನೆಯಲ್ಲ, ವಕಾಲತ್ತು.

ಇನ್ನೂ ದೊಡ್ಡ ತೊಡಕೊಂದಿದೆ. ನಿಖರತೆಯೇ ಊರಿನ ಗುರುತಾದರೆ, ವಾರಾಣಸಿಯ 83 ಅಂಶದಿಂದ 54 ಕಳೆಯಿರಿ. ಸಿಗುವುದು 29. ಅದು ಅಲೆಕ್ಸಾಂಡ್ರಿಯಕ್ಕಿಂತ ಕಾನ್‌ಸ್ಟಾಂಟಿನೋಪಲ್‌ಗೆ ಹತ್ತಿರದ ರೇಖಾಂಶ! ಗ್ರಂಥದ ಕಾಲಗಣನೆ ಹೊರಡುವ ಕ್ರಿ.ಶ. 505ರಲ್ಲಿ ರೋಮಕರ ರಾಜಧಾನಿ ಅದೇ. ಹಾಗೆಂದು ಯವನಪುರ ಅದೇ ಎನ್ನುವ ಧೈರ್ಯ ನನಗಿಲ್ಲ. ಅದೇ ತರ್ಕ ಹಿಡಿದವರಿಗೆ ಇರಬೇಕಾಗಿತ್ತು. ಯವನಪುರ ಅಲೆಕ್ಸಾಂಡ್ರಿಯವೆಂಬುದನ್ನು ನಾನೂ ಒಪ್ಪುತ್ತೇನೆ, ಟಾಲೆಮಿಯ ‘ಅಲ್ಮಾಜೆಸ್ಟ್’ ತನ್ನ ಲೆಕ್ಕಕ್ಕೆ ಆ ಊರಿನ ರೇಖೆಯನ್ನೇ ಹಿಡಿದಿರುವುದರಿಂದ. ಸಂಖ್ಯೆಯಿಂದ ಊರನ್ನು ಗುರುತಿಸಿ, ಆಮೇಲೆ ಊರಿನಿಂದ ಸಂಖ್ಯೆಯನ್ನು ಹೊಗಳುವುದು ಗಾಣದೆತ್ತಿನ ನಡೆ.

ಹಾಗಾದರೆ ಇದು ಯವನರಿಂದ ತಂದ ನಕಲೆ? ಅದೂ ನಿಲ್ಲದು. ಟಾಲೆಮಿಯ ಭೂಗೋಳ ಗ್ರಂಥದಲ್ಲಿ ಅಲೆಕ್ಸಾಂಡ್ರಿಯ 60½ ಅಂಶದಲ್ಲಿ, ಒಜೀನೆ ಅಂದರೆ ಉಜ್ಜಯಿನಿ 117ರಲ್ಲಿ ಇದೆ, ಅಂತರ 56½. ವರಾಹಮಿಹಿರನ 44 ಅಲ್ಲಿಂದ ಬಂದದ್ದಲ್ಲ.

ಅಕ್ಷಾಂಶಕ್ಕೆ 12 ಅಂಗುಲದ ಶಂಕುವೊಂದಿದ್ದರೆ ಸಾಕಿತ್ತು; ವಿಷುವದ ಮಧ್ಯಾಹ್ನ ಉಜ್ಜಯಿನಿಯಲ್ಲಿ ಅದರ ನೆರಳು 5 ಅಂಗುಲಕ್ಕೆ ತುಸು ಹೆಚ್ಚು. ದೇಶಾಂತರವನ್ನು ಅಳೆಯಲು ಹೀಗೆ ಒಬ್ಬನೇ ಒಂದೇ ಊರಿನಲ್ಲಿ ನಿಂತರಾಗದು. ಒಂದೇ ಚಂದ್ರಗ್ರಹಣವನ್ನು ಎರಡು ಊರುಗಳಲ್ಲಿ ನೋಡಿ, ಎರಡೂ ಕಡೆಯ ಗಳಿಗೆ ಬಟ್ಟಲುಗಳನ್ನು ನಂಬಬೇಕು. ಆ ನಂಬಿಕೆಗೆ ಎಷ್ಟು ಬೆಲೆ ಎಂಬುದನ್ನು ವಾರಾಣಸಿಯ ಸಂಖ್ಯೆ ಹೇಳುತ್ತದೆ: ಅರ್ಧ ಗಳಿಗೆಯಷ್ಟು ಆಚೀಚೆ. 44 ಅಂಶವನ್ನೂ ಅಷ್ಟೇ ಸಡಿಲವಾಗಿ ಓದಬೇಕು.