ಪಿಂಗಾಣಿಯ ಹಲ್ಲು, ಕೋಟೆಯ ಕಲ್ಲು

ಮುಂಬಲ್ಲಿಗೆ ಹಾಕಿಸಿದ್ದ ನನ್ನ ಪಿಂಗಾಣಿ ಕ್ಯಾಪು ಎರಡೇ ವರ್ಷಕ್ಕೆ, ಕಡಕ್ ಜೋಳದ ರೊಟ್ಟಿ ಕಡಿಯುವಾಗ ಒಡೆಯಿತು. ಅಂಗೈಗೆ ಬಿದ್ದ ಚೂರು ಅರ್ಧಚಂದ್ರಾಕಾರವಾಗಿತ್ತು. ಮಾನ್ವಿಯ ತರಗತಿಯಲ್ಲಿ ಶ, ಷ, ಸಗಳಿಗಾಗಿ ನನ್ನಿಂದ ಬೈಸಿಕೊಂಡವರು ಆ ವಾರ ನನ್ನ ಮಾತು ಕೇಳಬೇಕಿತ್ತು!

ಪಿಂಗಾಣಿಯೇ ಕಳಪೆಯೆಂದು ಭಾವಿಸಿದ್ದೆ. ದೇವದುರ್ಗದಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗಿಯೊಬ್ಬಳು ಈಗ ರಾಯಚೂರಿನಲ್ಲಿ ದಂತವೈದ್ಯೆ. ಆಕೆ ಚೂರನ್ನು ತಿರುಗಿಸಿ ನೋಡಿ, "ಕ್ಯಾಪಿಂದು ತಪ್ಪಲ್ರಿ ಸರ್, ಒಳಗಿನ ಹಲ್ಲನ್ನ ಭಾಳ ಗಿಡ್ಡ ಮಾಡ್ಯಾರ" ಎಂದಳು. ಮೊದಲು ಅರೆದವರು ಯಾರೆಂಬುದು ಇಲ್ಲಿ ಬೇಡ.

ನನಗೆ ನಮ್ಮ ರಾಯಚೂರು ಕೋಟೆಯ ಒಳಸುತ್ತಿನ ಗೋಡೆ ನೆನಪಾಯಿತು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಗೋಡೆಯದು; 1294ರ ಶಾಸನವಿರುವ, ಸುಮಾರು 41 ಅಡಿ ಉದ್ದದ ಬಂಡೆಯನ್ನು ನಿಮ್ಮಲ್ಲಿ ಅನೇಕರಿಗೆ ತೋರಿಸಿದ್ದೇನೆ. ಕಲ್ಲೂ ಪಿಂಗಾಣಿಯೂ ಒತ್ತಡವನ್ನು ತಾಳುತ್ತವೆ, ಎಳೆತವನ್ನು ತಾಳವು. ಕೆಳಗೆ ಆಸರೆ ತಪ್ಪಿದರೆ ಬಾಗಲಾರದೆ ಒಡೆಯುತ್ತವೆ.

ಅಮೆರಿಕದ ಡೆಟ್ರಾಯಿಟ್ ನಗರದ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ 1880ರ ದಶಕದಲ್ಲಿ ಪ್ಲಾಟಿನಂ ಹಾಳೆಯ ಮೇಲೆ ಪಿಂಗಾಣಿಯನ್ನು ಸುಟ್ಟು, ಹಲ್ಲಿಗೆ ಅಂಗಿ ತೊಡಿಸುವ ವಿಧಾನವನ್ನು ರೂಪಿಸಿದರು. ಅದಕ್ಕೆ 'ಜಾಕೆಟ್' ಎಂದೇ ಹೆಸರು. (ವಿಮಾನಯಾನಿ ಲಿಂಡ್‌ಬರ್ಗ್ ಇವರ ಮಗಳ ಮಗ.) ಅಂದವಾಗಿದ್ದರೂ ಅವು ಬೇಗ ಬಿರಿಯುತ್ತಿದ್ದವು. 1965ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಲೀನ್ ಮತ್ತು ಹ್ಯೂಸ್ ಅಲ್ಯುಮಿನಾ ಬೆರೆಸಿ ಪಿಂಗಾಣಿಯ ಬಲವನ್ನು ಹೆಚ್ಚಿಸಿದರು. ಆದರೆ ಅರೆತದ ದೋಷವನ್ನು ಗಟ್ಟಿ ಪಿಂಗಾಣಿಯೂ ಮನ್ನಿಸದು.

ಒಸಡಿನಂಚಿನಲ್ಲಿ ಸುತ್ತಲೂ ಒಂದೇ ಅಗಲದ, ಸುಮಾರು 1 ಮಿಲಿಮೀಟರಿನ ಮೆಟ್ಟಿಲು ಬೇಕು. ಕ್ಯಾಪು ಕೂರುವುದು ಅದರ ಮೇಲೆ. ಮೂಲೆಗಳು ದುಂಡಗಿರಬೇಕು, ಚೂಪಾದಲ್ಲಿ ಬಲವೆಲ್ಲ ಒಂದೆಡೆ ಸೇರಿ ಬಿರುಕು ಹುಟ್ಟುತ್ತದೆ. ಗೋಡೆಗಳು ಮೇಲಕ್ಕೆ ತುಸುವೇ ಕಿರಿದಾಗಬೇಕು. ಹೆಚ್ಚಾದರೆ ಹಿಡಿತ ತಪ್ಪೀತು. ಹಲ್ಲು ಗಿಡ್ಡವಾದರೆ ಕ್ಯಾಪಿನ ತುದಿಗೆ ಒಳಗಿನ ಆಸರೆಯಿಲ್ಲ. ಕಡಿತದ ಬಲಕ್ಕೆ ಅದು ಸನ್ನೆಗೋಲಿನಂತೆ ಹೊರಳಲು ನೋಡುತ್ತದೆ, ಒಸಡಿನ ಬಳಿ ಅರ್ಧಚಂದ್ರದ ಚೂರು ಸಿಡಿಯುತ್ತದೆ. ನನಗಾದದ್ದು ಅದೇ.

ಅಂಚು ಕೂಡುವ ಮಾತೂ ಇದೆ. ಕ್ಯಾಪಿಗೂ ಹಲ್ಲಿಗೂ ನಡುವಿನ ಸಂದು 120 ಮೈಕ್ರಾನ್ ಮೀರಬಾರದೆಂದು ಮ್ಯಾಕ್‌ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ 1971ರಲ್ಲಿ ಬರೆದರು. ಅಂದರೆ ಮಿಲಿಮೀಟರಿನ ಎಂಟನೆಯ ಒಂದು ಪಾಲು! 1985ರಲ್ಲಿ ಜ್ಯೂರಿಕ್‌ನಲ್ಲಿ ಕ್ಯಾಮೆರಾ ಅಳೆದು ಯಂತ್ರ ಕೊರೆಯುವ ಪದ್ಧತಿ ರೋಗಿಯ ಬಾಯಿಗೆ ಬಂತು. ಯಂತ್ರದ ದುಂಡು ಮೊನೆ ಚೂಪು ಮೂಲೆಯನ್ನು ಕೊರೆಯಲಾರದು. ಹಾಗಾಗಿ ದುಂಡಗೆ ಅರೆಯುವುದು ಈಗ ಇನ್ನೂ ಅಗತ್ಯ.

ಶಿಷ್ಯೆ ಹಲ್ಲಿನ ಮೋಟನ್ನು ಎತ್ತರಿಸಿ, ಮೆಟ್ಟಿಲನ್ನು ತಿದ್ದಿ, ಹೊಸ ಕ್ಯಾಪು ಕೂರಿಸಿದಳು. ಹಣ ಮುಟ್ಟಲಿಲ್ಲ. ರೊಟ್ಟಿಯನ್ನು ಮಾತ್ರ ಪಲ್ಯದ ರಸದಲ್ಲಿ ನೆನೆಸಿಕೊಂಡೇ ತಿನ್ನಬೇಕೆಂದು ಎರಡು ಸಲ ಹೇಳಿದಳು.